ಸ್ಪ್ಯಾನಿಷ್ ಯಾಕೆ ಕಲಿಯುತ್ತೀರಿ?

ಕಗ್ಗದಾಸಪುರ, ಬೆಂಗಳೂರು
14 ಜನವರಿ 2024

ಪ್ರೀತಿಯ ತಮ್ಮ ಕಿರಣಕುಮಾರನಿಗೆ,

ನಿನ್ನ ಮೊದಲ ಕಾಗದ ಬಂತು. ಸಿಸ್ಟರ್ ಇನೆಸ್ ಅನ್ನುವ ಚರ್ಚಿನ ಸನ್ಯಾಸಿನಿಯೊಬ್ಬರು ಅದರ ಫೋಟೊ ತೆಗೆದು ನನ್ನ ಫೋನಿಗೆ ಕಳಿಸಿದ್ದರು. ಪ್ರತಿ ಮಂಗಳವಾರ ಜೈಲಿಗೆ ಬರುತ್ತಾರಂತೆ. ನಾನು ಬರೆದದ್ದನ್ನೂ ಫೋಟೊ ಕಳಿಸಿದರೆ ಕಾಗದದ ಮೇಲೆ ಮುದ್ರಿಸಿ ನಿನ್ನ ಕೈಗೆ ಕೊಡುತ್ತಾರಂತೆ. ನೋಡಿಲ್ಲದ ಆ ತಾಯಿಗೆ ಅವ್ವ ದಿನಾ ಕೈ ಮುಗಿಯುತ್ತಿದ್ದಾಳೆ.

ನಾನು ಓದಿ ಹೇಳುವ ಮೊದಲೇ ಅವ್ವ ಫೋನು ಕಸಿದುಕೊಂಡು ನಿನ್ನ ಅಕ್ಷರದ ಗೆರೆಗಳನ್ನು ನೋಡಿದಳು. "ಕೈ ನಡುಗಿಲ್ಲ ನೋಡು. ಆರಾಮ ಇದ್ದಾನ" ಅಂದಳು. ಓದು ಬಾರದವಳು ನಿನ್ನ ಆರೋಗ್ಯ ಅಳೆದದ್ದು ಹೀಗೆ.

ಹಡಗು ಆ ಸಾನ್ ಲಾಸರೊ ಬಂದರಿನಲ್ಲಿ ನಿಂತಾಗ ಈರುಳ್ಳಿ ಕೋಣೆಯಲ್ಲಿ ಅಮಲಿನ ಪುಡಿಯ ಪೊಟ್ಟಣಗಳು ಸಿಕ್ಕವು, ಅಡುಗೆ ಸಹಾಯಕನಾದ ನಿನ್ನ ಸೊಂಟದಲ್ಲಿ ಆ ಕೋಣೆಯ ಬೀಗದ ಕೈ ಇತ್ತು. ನಮಗೆ ತಿಳಿದದ್ದು ಇಷ್ಟೇ. ಉಳಿದದ್ದೆಲ್ಲ ಸಿಸ್ಟರ್ ಕಳಿಸಿದ ಕೇಸಿನ ನಲವತ್ತೊಂದು ಪುಟಗಳಲ್ಲಿದೆ. ಎಲ್ಲ ಸ್ಪ್ಯಾನಿಷ್. ಅರ್ಧ ಕೈಬರಹ, ಮಸುಕು. ಫೋನಿಗೆ ಹಾಕಿದರೆ ಕನ್ನಡ ಮಾಡಿಕೊಡುತ್ತದೆ. ಆದರೆ ಒಂದು ಸಲ ನಿನ್ನನ್ನು ಆರೋಪಿ ಅನ್ನುತ್ತದೆ, ಅದೇ ಸಾಲನ್ನು ಮತ್ತೆ ಹಾಕಿದರೆ ಅಪರಾಧಿ ಅನ್ನುತ್ತದೆ. ನನ್ನ ಕೆಲಸ ನಿನಗೆ ಗೊತ್ತಲ್ಲ. ಲ್ಯಾಬಿನಲ್ಲಿ ರಕ್ತದ ಸೀಸೆಗಳ ಮೇಲೆ ಹೆಸರು ಬರೆಯುವವಳು ನಾನು. ಒಂದು ಹೆಸರು ತಪ್ಪಿದರೆ ಒಬ್ಬರ ರೋಗ ಇನ್ನೊಬ್ಬರದಾಗುತ್ತದೆ. ಈ ಫೋನನ್ನು ನಂಬಿ ಕೂರುವ ಧೈರ್ಯ ನನಗಿಲ್ಲ.

ಅದಕ್ಕೇ ಇಂದಿರಾನಗರದಲ್ಲಿ ಸ್ಪ್ಯಾನಿಷ್ ಕ್ಲಾಸಿಗೆ ಸೇರಿದ್ದೇನೆ, ಶನಿವಾರ, ಭಾನುವಾರ. ಮೊದಲ ದಿನ ಅಂಜಲಿ ಮೇಡಂ ಒಂದು ಫಾರಂ ಕೊಟ್ಟರು. ಸ್ಪ್ಯಾನಿಷ್ ಯಾಕೆ ಕಲಿಯುತ್ತೀರಿ ಅಂತ ಒಂದು ಸಾಲು. ಪಕ್ಕದ ವೈಷ್ಣವಿ, ಆಫೀಸಿನಲ್ಲಿ ಮೆಕ್ಸಿಕೊದವರ ಜೊತೆ ಮಾತಾಡಬೇಕು ಅಂತ ಬರೆದಳು. ಒಬ್ಬ ಫುಟ್ಬಾಲ್ ಅಂತ ಬರೆದ. ಮದುವೆಯಾಗಿ ಎರಡು ತಿಂಗಳಾದ ಜೋಡಿ ಪ್ರವಾಸ ಅಂತ ಬರೆದರು. ನಾನು ಖಾಲಿ ಬಿಟ್ಟೆ. ಮೇಡಂ ಕೇಳಿದಾಗ, ಸುಮ್ಮನೆ ಆಸಕ್ತಿ ಅಂದೆ. ನಾಚಿಕೆಯಿಂದಲ್ಲ ತಮ್ಮಾ. ಬರೆದರೆ ಅದು ನಿಜ ಆಗಿಬಿಡುತ್ತದೆ ಅನ್ನಿಸಿತು.

ಕೆಳಗಿರುವುದು ಅವ್ವನ ಹೆಬ್ಬೆಟ್ಟು. ತನ್ನ ಗುರುತಿಲ್ಲದ ಕಾಗದ ತನ್ನದಲ್ಲ ಅಂದಳು. ಲ್ಯಾಬಿನಿಂದ ಶಾಯಿ ಪ್ಯಾಡು ತಂದೆ. ಬಲಗೈಯನ್ನು ಸೆರಗಿಗೆ ಮೂರು ಸಲ ಒರೆಸಿಕೊಂಡು ಒತ್ತಿದಳು. ಜೋಳ ಕೊಯ್ಯುವಾಗ ಕುಡುಗೋಲು ತಗುಲಿದ ಗಾಯದ ಗೆರೆ ಅಡ್ಡಲಾಗಿ ಬೆಳ್ಳಗೆ ಮೂಡಿದೆ, ನೋಡು.

ಇಂತಿ ನಿನ್ನ ಅಕ್ಕ,
ರೇವತಿ


ಸಾನ್ ಲಾಸರೊ ಜೈಲು
2 ಫೆಬ್ರವರಿ 2024

ಅಕ್ಕಾ,

ಹೆಬ್ಬೆಟ್ಟು ಸಿಕ್ಕಿತು. ಕಾಗದ ಸಿಕ್ಕಿತು ಅಂತ ಬರೆಯಬೇಕಿತ್ತು. ಇಲ್ಲಿ ಎಲ್ಲರ ಗೋಡೆಯ ಮೇಲೂ ಯಾವುದೋ ದೇವರ ಚಿತ್ರ ಇದೆ. ನನ್ನ ಗೋಡೆಯ ಮೇಲೆ ಅವ್ವನ ಬೆರಳು.

ನಾನು ಚೆನ್ನಾಗಿದ್ದೇನೆ. ಅನ್ನ ಕೊಡುತ್ತಾರೆ, ಸಾರು ಮಾತ್ರ ಕೇಳಬೇಡ. ನಿದ್ದೆ ಬರುತ್ತದೆ. ನನ್ನ ಜೊತೆ ಬಂಧಿಸಿದ ನಮ್ಮ ಹಡಗಿನ ಸಲ್ಮಾನನೂ ಇದೇ ಸಾಲಿನಲ್ಲಿದ್ದಾನೆ. ಶಿವಾಜಿನಗರದವನು, ನನಗೆ ಹಡಗಿನ ಕೆಲಸದ ಆಸೆ ಹಚ್ಚಿದವನು. "ಏನ್ ಮಗಾ, ರಸೆಲ್ ಮಾರ್ಕೆಟ್‌ನಲ್ಲಿ ಒಂದ್ ಪ್ಲೇಟ್ ಕಬಾಬ್ ತಿಂದ್ಬಂದ್ಬಿಡಾಣ ನಡಿ" ಅಂತ ದಿನಾ ಕರೆಯುತ್ತಾನೆ. ನಾನು ಚಪ್ಪಲಿ ಹಾಕಿಕೊಂಡ ಹಾಗೆ ಮಾಡುತ್ತೇನೆ. ದಿನಾ ಅದೇ ತಮಾಷೆ, ದಿನಾ ನಗುತ್ತೇವೆ.

ನೀನು ಕ್ಲಾಸಿಗೆ ಹೋಗಿ ಕಲಿಯುತ್ತಿದ್ದೀಯ, ನಾನು ಪುಕ್ಕಟೆ ಕಲಿಯುತ್ತಿದ್ದೇನೆ. ಬೆಳಿಗ್ಗೆ, ಸಂಜೆ ಎಣಿಕೆ ಮಾಡುತ್ತಾರೆ. ನಮ್ಮ ನಮ್ಮ ನಂಬರನ್ನು ಅವರ ಭಾಷೆಯಲ್ಲಿ ಕೂಗಬೇಕು. ಮೊದಲ ವಾರ ಎರಡು ಸಲ ತಪ್ಪು ಕೂಗಿದೆ. ಈಗ ತಪ್ಪುವುದಿಲ್ಲ.

ಬಲಗೈಗೆ ಬಾಗಿಲು ತಗುಲಿ ಸ್ವಲ್ಪ ಊದಿದೆ. ಅಕ್ಷರ ಅಂಕುಡೊಂಕಾಗಿದೆ. ಇದನ್ನು ಅವ್ವನಿಗೆ ಓದಿ ಹೇಳು, ತೋರಿಸಬೇಡ.

ಪ್ರತಿ ಕಾಗದದಲ್ಲೂ ಹೆಬ್ಬೆಟ್ಟು ಇರಲಿ.

ಕಿರಣ


ಕಗ್ಗದಾಸಪುರ
19 ಫೆಬ್ರವರಿ 2024
(ಕಳಿಸಲಿಲ್ಲ. ನೋಟ್‌ಬುಕ್ಕಿನಲ್ಲೇ ಉಳಿಯಿತು.)

ಕಿರಣಾ,

ಅವ್ವ ಇಲ್ಲ.

ಹನ್ನೊಂದನೇ ತಾರೀಕು ಭಾನುವಾರ ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕೂತವಳು ಮೊರದ ಮೇಲೆ ವಾಲಿದಳು. ನಾನು ಕ್ಲಾಸಿಗೆ ಹೊರಡಲು ತಲೆ ಬಾಚುತ್ತಿದ್ದೆ. ಬಾಯಿ ಒಂದು ಕಡೆ ಎಳೆದಿತ್ತು. ಮನೆ ಓನರ್ ಮುನಿಆಂಜನಪ್ಪ ಆಟೋ ತರುವಷ್ಟರಲ್ಲಿ ಮುಗಿದಿತ್ತು. ಊರಿಗೆ ಒಯ್ದೆವು. ಅಪ್ಪನ ಪಕ್ಕದಲ್ಲಿ ಇಟ್ಟೆವು. ಮಣ್ಣು ಹಾಕಲು ಮಗ ಎಲ್ಲಿ ಅಂತ ಜನ ಕೇಳಿದರು. ಹಡಗಿನಲ್ಲಿದ್ದಾನೆ ಅಂದೆ. ನಿನ್ನ ಪಾಲಿನ ಹಿಡಿ ಮಣ್ಣನ್ನೂ ನಾನೇ ಹಾಕಿದೆ.

ಇನ್ನೊಂದು ಮಾತು. ನಿನ್ನ ಕಾಗದ ಏಳನೇ ತಾರೀಕು ಬಂತು. ನೀನು ಹೇಳಿದ ಹಾಗೆ ಓದಿ ಹೇಳಿದೆ, ತೋರಿಸಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಅವಳೇ ಫೋನು ತೆಗೆದು ನೋಡಿದ್ದಾಳೆ. ಹೊರಗೆ ಬಂದಾಗ ಗೋಡೆಗೆ ಒರಗಿ ಕೂತಿದ್ದಳು. "ಕೈ ನಡುಗ್ಯಾವ. ಹೊಡದಾರ ಅವನಿಗೆ" ಅಂದಳು. ಆಮೇಲೆ ನಾಲ್ಕು ದಿನ ಆ ಮಾತು ಬಿಟ್ಟು ಬೇರೆ ಆಡಲಿಲ್ಲ.

ಇದನ್ನು ನಿನಗೆ ಹೇಗೆ ಬರೆಯಲಿ?

ಮೊನ್ನೆ ಸಿಸ್ಟರ್ ಇನೆಸ್ ಅವರಿಂದ ಸಂದೇಶ ಬಂದಿದೆ. ಫೋನು ಅದನ್ನು ಹೀಗೆ ಕನ್ನಡ ಮಾಡಿತು: ನಿಮ್ಮ ತಮ್ಮ ಆಹಾರವನ್ನು ತ್ಯಜಿಸಿದ್ದ. ಬೆರಳಿನ ಪತ್ರ ಬಂದ ನಂತರ ತಿನ್ನುತ್ತಿದ್ದಾನೆ. ದಯವಿಟ್ಟು ಇನ್ನೊಂದು ಕಳುಹಿಸಿ.

ಹತ್ತು ಸಲ ಹಾಕಿ ನೋಡಿದೆ. ಪ್ರತಿ ಸಲವೂ ಅದನ್ನೇ ಹೇಳಿತು.


ಕಗ್ಗದಾಸಪುರ
21 ಫೆಬ್ರವರಿ 2024

ಪ್ರೀತಿಯ ತಮ್ಮನಿಗೆ,

ನಾವು ಕ್ಷೇಮ. ಲ್ಯಾಬಿನಲ್ಲಿ ಕೆಲಸ ಜಾಸ್ತಿ, ಅದಕ್ಕೆ ತಡವಾಯಿತು. ಅವ್ವ ನಿನ್ನ ಕಾಗದ ಕೇಳಿ ಸಾರಿನ ಮಾತಿಗೆ ನಕ್ಕಳು. ಈಗ ಮಲಗಿದ್ದಾಳೆ. ಬಿಸಿಲು ಶುರುವಾಗಿದೆ, ನಲ್ಲಿ ನೀರು ಎರಡು ದಿನಕ್ಕೊಮ್ಮೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವನ ಆಣೆ.

ಕೆಳಗೆ ಹೆಬ್ಬೆಟ್ಟು ಇದೆ.

ರೇವತಿ


ಸಾನ್ ಲಾಸರೊ ಜೈಲು
10 ಮಾರ್ಚ್ 2024

ಅಕ್ಕಾ,

ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಈ ಸಲದ ಹೆಬ್ಬೆಟ್ಟಿನಲ್ಲಿ ಕುಡುಗೋಲಿನ ಗೆರೆ ಇಲ್ಲ.

ಎಡಗೈ ಒತ್ತಿದಳಾ? ಎಡಗೈಯಲ್ಲಿ ನೀರು ಕೊಟ್ಟರೂ ಬೈಯುವವಳು ಅವಳು. ಹೆತ್ತ ಮಗನ ಕಾಗದಕ್ಕೆ ಎಡಗೈ ಒತ್ತಬೇಕಾದರೆ ಅವಳ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಅರ್ಥವಾಗುತ್ತದೆ. ನಾನು ಆ ಪುಡಿ ಮುಟ್ಟಿದ್ದೇನೆ ಅಂತ ಅವಳು ನಂಬಿದ್ದಾಳೆ. ನೀನು ಹೇಳುತ್ತಿಲ್ಲ ಅಷ್ಟೆ. ನಕ್ಕಳು ಅಂತ ಬರೆದಿದ್ದೀಯ, ಆದರೆ ಅವಳ ಒಂದು ಮಾತನ್ನೂ ಬರೆದಿಲ್ಲ. ಮೊದಲ ಕಾಗದದಲ್ಲಿ ಅವಳ ಮಾತಿತ್ತು.

ಇಲ್ಲಿ ಸರ್ಕಾರ ಕೊಟ್ಟ ವಕೀಲರೊಬ್ಬರಿದ್ದಾರೆ. ಹೌದು ಮಾಡಿದ್ದೇನೆ ಅಂತ ಸಹಿ ಹಾಕಿದರೆ ಮೂರು ವರ್ಷ, ಅದರಲ್ಲೂ ಸ್ವಲ್ಪ ಕಡಿಮೆ ಆಗಬಹುದು ಅನ್ನುತ್ತಾರೆ. ಇಲ್ಲ ಅಂದರೆ ವಿಚಾರಣೆ ಯಾವಾಗ ಮುಗಿಯುತ್ತದೋ ತಿಳಿಯದು, ಸೋತರೆ ಹತ್ತು ವರ್ಷ. ಸಲ್ಮಾನ್ ಸಹಿ ಹಾಕಿಬಿಟ್ಟ. ನನ್ನ ದಿನ ಜೂನ್ ಆರು.

ಮಾಡದ್ದನ್ನು ಮಾಡಿದೆ ಅನ್ನಲು ಬಾಯಿ ಬರುವುದಿಲ್ಲ. ಆದರೆ ಅವ್ವನ ಎದುರು ನಿಂತು ನಾನು ಮಾಡಿಲ್ಲ ಅಂತ ಒಂದು ಸಲ ಹೇಳಬೇಕು. ಅದಕ್ಕೆ ಬೇಗ ಬರಬೇಕು. ಬೇಗ ಬರಲು ಇರುವ ದಾರಿ ಇದೊಂದೇ.

ಕಿರಣ


ಕಗ್ಗದಾಸಪುರ
24 ಮಾರ್ಚ್ 2024

ತಮ್ಮಾ,

ಸಹಿ ಹಾಕಬೇಡ. ಮೊದಲು ಇದನ್ನು ಪೂರ್ತಿ ಓದು.

ಅವ್ವನ ಬಲಗೈ ಬೆರಳಿಗೆ ಒಲೆ ತಗುಲಿ ಸುಟ್ಟಿದೆ, ಅದಕ್ಕೆ ಎಡಗೈ ಒತ್ತಿದಳು. ಸಿಟ್ಟಲ್ಲ. ಈ ಸಲವೂ ಎಡಗೈಯೇ.

ಇಂದಿರಾನಗರದ ಕ್ಲಾಸು ಬಿಟ್ಟೆ. ಅಲ್ಲಿ ಎರಡು ತಿಂಗಳು ಕಾಫಿ ಕೇಳುವುದನ್ನೂ ಹೋಟೆಲ್ ರೂಮು ಕೇಳುವುದನ್ನೂ ಕಲಿಸಿದರು. ಸಾಕ್ಷಿ ಅನ್ನುವುದಕ್ಕೆ ಏನನ್ನುತ್ತಾರೆ ಅಂತ ಕೇಳಿದೆ. "ಅದು ಮುಂದಿನ ಲೆವೆಲ್‌ನಲ್ಲಿ ಬರುತ್ತೆ ರೀ, ಅರ್ಜೆಂಟ್ ಏನು?" ಅಂದರು ಅಂಜಲಿ ಮೇಡಂ. ಒಳ್ಳೆಯವರು. ನಾನು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಈಗ ಕಲಿಸುವವಳು ಫಿಲೊಮಿನಾ. ಕಮ್ಮನಹಳ್ಳಿಯ ನಮ್ಮ ಲ್ಯಾಬಿಗೆ ರಕ್ತ ಕೊಡಲು ಬಂದಿದ್ದಳು. ಹೆಸರು ಬರೆದುಕೊಳ್ಳುವಾಗ ಫ್ರೇಜರ್ ಟೌನ್ ಕಡೆಯ ಕ್ರಿಶ್ಚಿಯನ್ ಹುಡುಗಿ ಅಂದುಕೊಂಡೆ. ತಲೆಯೆತ್ತಿ ನೋಡಿದರೆ ಆಫ್ರಿಕಾದ ಹುಡುಗಿ. ಅವಳ ದೇಶದ ಹೆಸರು ಈಕ್ವಟೋರಿಯಲ್ ಗಿನಿ. ಅಲ್ಲಿ ಶಾಲೆ, ಕೋರ್ಟು ಎಲ್ಲ ಸ್ಪ್ಯಾನಿಷ್‌ನಲ್ಲೇ. ಇಲ್ಲಿ ಕಾಲೇಜು ಓದುತ್ತಾಳೆ. ನಿನ್ನ ಪುಟಗಳನ್ನು ತೋರಿಸಿದಾಗ ಹಿಂದಕ್ಕೆ ಸರಿದಳು. ಪೊಲೀಸು, ಪುಡಿ ಅನ್ನುವ ಮಾತುಗಳ ಪಕ್ಕದಲ್ಲಿ ತನ್ನ ಹೆಸರು ಬಂದರೆ ವೀಸಾ ಹೋಗುತ್ತದೆ ಅಂತ ಅವಳಿಗೆ ಹೆದರಿಕೆ. ನನಗೆ ಆ ಹೆದರಿಕೆ ಅರ್ಥವಾಯಿತು, ಏಳಲು ಹೊರಟೆ. ಆಗ ಕೈ ಹಿಡಿದು ಕೂರಿಸಿದಳು. ಅವಳ ಅರ್ಧ ಕನ್ನಡದಲ್ಲಿ "ನಾನು ಓದಲ್ಲ. ನೀನು ಓದು. ತಪ್ಪಾದ್ರೆ ನಾನು ಕೆಮ್ಮುತೀನಿ" ಅಂದಳು. ಹಾಗೇ ಓದುತ್ತಿದ್ದೇವೆ. ದಿನಕ್ಕೆ ಅರ್ಧ ಪುಟ. ಅವಳು ಬಹಳ ಕೆಮ್ಮುತ್ತಾಳೆ.

ಪುಟ ಇಪ್ಪತ್ತಮೂರರಲ್ಲಿ ಬಂದರಿನ ಅಧಿಕಾರಿಯೊಬ್ಬರ ಹೇಳಿಕೆ ಇದೆ. ಈರುಳ್ಳಿ ಕೋಣೆಗೆ ಎರಡು ಬೀಗದ ಕೈ ಇದ್ದವು, ಒಂದು ನಿನ್ನ ಹತ್ತಿರ, ಇನ್ನೊಂದು ಹಡಗಿನ ಮೇಲಧಿಕಾರಿಯ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು ಅಂತ. ಆ ಸಾಲನ್ನು ನಾಲ್ಕು ಸಲ ಓದಿದೆ. ಫಿಲೊಮಿನಾ ಕೆಮ್ಮಲಿಲ್ಲ. ನಿನ್ನ ವಕೀಲರಿಗೆ ಇದು ಗೊತ್ತೇ? ಕೇಳು.

ಶಿವಾಜಿನಗರಕ್ಕೆ ಹೋಗಿ ಸಲ್ಮಾನನ ತಾಯಿಯನ್ನೂ ನೋಡಿಬಂದೆ. ಮಾರ್ಕೆಟ್ಟಿನ ಹೂವಿನ ಸಾಲಿನ ಹಿಂದೆ ಮನೆ. ಮಗ ಯಾಕೆ ಸಹಿ ಹಾಕಿದ ಅಂತ ಕೇಳಿದೆ. "ಮೂರ್ ವರ್ಷ ಅಂದ್ರೆ ಎಣಿಸ್ಬೋದು ಬೇಟಾ. ಇಲ್ಲಾಂದ್ರೆ ಎಲ್ಲಿಂದ ಎಣಿಸೋಕೆ ಶುರು ಮಾಡ್ಲಿ?" ಅಂದರು. ಆದರೂ ಸಹಿ ಹಾಕಬೇಡ.

ರೇವತಿ


ಸಾನ್ ಲಾಸರೊ ಜೈಲು
16 ಏಪ್ರಿಲ್ 2024

ಅಕ್ಕಾ,

ಇದು ನನ್ನ ಕೊನೆಯ ಕನ್ನಡ ಕಾಗದ. ಪಕ್ಕದ ವಿಭಾಗದಲ್ಲಿ ಗಲಾಟೆಯಾಯಿತು. ಹೊಸ ಅಧಿಕಾರಿ ಬಂದಿದ್ದಾರೆ. ಮೇ ಒಂದರಿಂದ ಅವರು ಓದಲಾಗದ ಕಾಗದ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಬರೆದರೆ ಮಾತ್ರ. ನಾನು ಇಲ್ಲಿ ಕಲಿತದ್ದು ಎಣಿಕೆ, ಊಟ, ಬೈಗುಳ. ಯಾರಾದರೂ ಉದ್ದ ಬರೆದರೆ ಕನ್ನಡ ಮಾಡಿ ಹೇಳುವವರು ಇಲ್ಲಿ ಇಲ್ಲ.

ಎರಡು ಬೀಗದ ಕೈ ವಿಷಯ ವಕೀಲರಿಗೆ ಹೇಳಲು ಹೋದೆ. ನನ್ನ ಭಾಷೆ ಸಾಲಲಿಲ್ಲ. ಅವರು ಗಡಿಯಾರ ನೋಡಿ ಎದ್ದರು.

ಕೈಗೆ ಬಾಗಿಲು ತಗುಲಿದ್ದು ಸುಳ್ಳು. ಅದು ಸಾಕು, ಮುಂದೆ ಕೇಳಬೇಡ.

ನೀನು ಸಹಿ ಬೇಡ ಅನ್ನುತ್ತೀಯ. ಎರಡು ವರ್ಷ ಕಾದರೆ ಗೆಲ್ಲಬಹುದು ಅಂತ ಇಟ್ಟುಕೋ. ಅವ್ವನಿಗೆ ಈಗಲೇ ಅರವತ್ತೆರಡು, ಬಿಪಿ ಇದೆ. ಗೆದ್ದು ಬಂದಾಗ ಅವಳೇ ಇಲ್ಲದಿದ್ದರೆ ಆ ಗೆಲುವನ್ನು ಯಾರಿಗೆ ತೋರಿಸಲಿ? ಒಲೆ ತಗುಲಿದ ಬೆರಳು ಒಂದು ತಿಂಗಳಾದರೂ ಮಾಯಲಿಲ್ಲವೇ ಅಕ್ಕ? ಎಡಗೈ ಇರಲಿ ಬಿಡು. ಅವಳಿಗೆ ಹೇಳು, ಜೂನ್ ಆರಕ್ಕೆ ಸಹಿ ಹಾಕುತ್ತಾನೆ, ಬೇಗ ಬರುತ್ತಾನೆ, ಅಲ್ಲಿಯ ತನಕ ಇರು ಅಂತ.

ಕಿರಣ


ಕಗ್ಗದಾಸಪುರ
20 ಮೇ 2024
(ನೋಟ್‌ಬುಕ್ಕಿನಲ್ಲಿ, ಕಾಗದಕ್ಕೆ ಮೊದಲು ಬರೆದದ್ದು. ಕಳಿಸಲು ಅಲ್ಲ.)

ಮೂರು ವಾರದಿಂದ ಕೂತು ಏಳುತ್ತಿದ್ದೇನೆ. ಹೇಳಿದರೆ ಅವನು ಊಟ ಬಿಡುತ್ತಾನೆ. ಹೇಳದಿದ್ದರೆ ಇಲ್ಲದ ಅವ್ವನಿಗಾಗಿ ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಯಾವ ಕಡೆ ಕೈ ಇಟ್ಟರೂ ಅವನನ್ನು ಕೊಲ್ಲುವವಳು ನಾನೇ ಅನ್ನಿಸುತ್ತದೆ.

ಕನ್ನಡದಲ್ಲಾಗಿದ್ದರೆ ಸುತ್ತಿ ಬಳಸಿ ಬರೆಯುತ್ತಿದ್ದೆ. ಆರಾಮಿಲ್ಲ, ಮಲಗಿದ್ದಾಳೆ, ಈ ಸಲ ಕಷ್ಟ ಅಂತ ನಾಲ್ಕು ಕಾಗದಗಳಲ್ಲಿ ಸ್ವಲ್ಪ ಸ್ವಲ್ಪವೇ ಸಾಯಿಸುತ್ತಿದ್ದೆ. ಫೋನಿಗೆ ಹೇಳಿದರೆ ದೊಡ್ಡ ಮಾತು ಬರೆದುಕೊಡುತ್ತದೆ. ಅದು ಅವನಿಗೆ ಅರ್ಥವಾಗುವುದಿಲ್ಲ. ಅವನಿಗೂ ನನಗೂ ಗೊತ್ತಿರುವ ಮಾತು ಇನ್ನೂರು ಇರಬಹುದು. ಅಷ್ಟರಲ್ಲಿ ಸುತ್ತಿ ಬಳಸಲು ಜಾಗವಿಲ್ಲ.

ಫಿಲೊಮಿನಾ, ಸಾವಿಗೆ ಮೆತ್ತಗಿನ ಮಾತೊಂದಿದೆ, ಹೇಳಿಕೊಡಲಾ ಅಂದಳು. ಬೇಡ ಅಂದೆ. ನನ್ನ ಅವ್ವ ಹೋದದ್ದು ಅವಳಿಗೆ ಗೊತ್ತಾದದ್ದು ಆಗಲೇ. ಕುರ್ಚಿ ಎಳೆದು ಹತ್ತಿರ ಬಂದು ಕೂತಳು. ಬರೆದು ಮುಗಿಸುವ ತನಕ ಕೆಮ್ಮಲಿಲ್ಲ. ತಪ್ಪುಗಳಿದ್ದವು, ನನಗೇ ಕಾಣುತ್ತಿದ್ದವು.

ಅವ್ವ ಅವನ ಅಕ್ಷರ ನೋಡಿದ ವಿಷಯವನ್ನು ಬರೆಯಲಿಲ್ಲ. ಅದನ್ನು ಯಾವ ಭಾಷೆಯಲ್ಲೂ ಬರೆಯುವುದಿಲ್ಲ.


ಕಗ್ಗದಾಸಪುರ
20 ಮೇ 2024
(ಸ್ಪ್ಯಾನಿಷ್‌ನಲ್ಲಿ ಕಳಿಸಿದ್ದು. ಇದು ಅದರ ಕನ್ನಡ.)

ಕಿರಣ,

ನಾನು ರೇವತಿ. ನಿನ್ನ ಅಕ್ಕ.

ಅವ್ವ ಸತ್ತಳು. ಫೆಬ್ರವರಿ ಹನ್ನೊಂದು. ಭಾನುವಾರ. ಬೆಳಿಗ್ಗೆ. ಮನೆಯಲ್ಲಿ. ನಾನು ಹತ್ತಿರ ಇದ್ದೆ. ಈಗ ಅವಳು ಅಪ್ಪನ ಹತ್ತಿರ ಇದ್ದಾಳೆ. ನಮ್ಮ ಹೊಲದಲ್ಲಿ.

ಮೊದಲ ಬೆರಳು ಅವ್ವನದು. ಎರಡನೆಯದು ನನ್ನದು. ಮೂರನೆಯದು ನನ್ನದು. ಎಡಗೈ ಅಲ್ಲ. ನಾನು ಸುಳ್ಳು ಹೇಳಿದೆ. ನನಗೆ ಭಯ ಇತ್ತು. ಈಗಲೂ ಭಯ ಇದೆ.

ಅವ್ವನಿಗೆ ನಿನ್ನ ಮೇಲೆ ಸಿಟ್ಟು ಇರಲಿಲ್ಲ. ಅವಳು ನಿನ್ನನ್ನು ನಂಬಿದಳು. ಇದು ಸುಳ್ಳಲ್ಲ.

ಬೀಗದ ಕೈ ಎರಡು. ಪುಟ ಇಪ್ಪತ್ತಮೂರು. ನಾನೇ ಓದಿದೆ. ಅದಕ್ಕೆ ಈ ಭಾಷೆ ಕಲಿತೆ. ಈ ಎರಡು ಮಾತು ನೀನು ಕಲಿ. ದಿನಾ ಹೇಳು. ಕೋರ್ಟಿನಲ್ಲಿ ಹೇಳು.

ಅವ್ವನಿಗಾಗಿ ಬರಬೇಡ. ಅವ್ವ ಇಲ್ಲ. ನಾನು ಇದ್ದೇನೆ. ನಿಧಾನ ಬಾ.

ಸಹಿ ಹಾಕಬೇಡ. ಊಟ ಮಾಡು.

ಅಕ್ಕ


ಕಗ್ಗದಾಸಪುರ
9 ಜೂನ್ 2024
(ಕಳಿಸಲಿಲ್ಲ.)

ಕಿರಣಾ,

ಆರನೇ ತಾರೀಕು ಕಳೆದು ಮೂರು ದಿನವಾಯಿತು. ಸಿಸ್ಟರ್ ಇನೆಸ್ ಅವರ ಫೋನು ಬಂದ್ ಆಗಿದೆ. ಮೇ ಇಪ್ಪತ್ತೆಂಟಕ್ಕೆ ನನ್ನ ಕಾಗದ ನಿನಗೆ ಕೊಟ್ಟೆ ಅಂತ ಅವರು ಬರೆದದ್ದೇ ಕೊನೆ. ನೀನು ಓದಿದೆಯಾ, ಏನಂದೆ, ಒಂದೂ ತಿಳಿದಿಲ್ಲ.

ಮುನಿಆಂಜನಪ್ಪ ಬಾಗಿಲಲ್ಲಿ ನಿಂತು, "ಏನಮ್ಮ, ಫೋನೇ ನೋಡ್ಕೊಂಡ್ ಕೂತಿದೀಯ, ಅಡುಗೆ ಮಾಡಿಲ್ವಾ?" ಅಂದರು. ಆಗ ಗೊತ್ತಾಯಿತು, ನಿನಗೆ ಊಟ ಮಾಡು ಅಂತ ಬರೆದವಳು ನಿನ್ನೆಯಿಂದ ಒಲೆ ಹಚ್ಚಿಲ್ಲ.

ಅವ್ವ ಅಕ್ಷರದ ಗೆರೆ ನೋಡಿ ತಿಳಿದುಕೊಳ್ಳುತ್ತಿದ್ದಳು. ನೋಡಲು ನನಗೆ ಒಂದು ಗೆರೆಯೂ ಇಲ್ಲ.


ಸಾನ್ ಲಾಸರೊ ಜೈಲು
7 ಜೂನ್ 2024
(ಹನ್ನೆರಡನೇ ತಾರೀಕು ಬಂತು. ಸ್ಪ್ಯಾನಿಷ್. ಕನ್ನಡ ನಾನು ಮಾಡಿಕೊಂಡದ್ದು, ಫೋನಲ್ಲ.)

ಅಕ್ಕ,

ನಿನ್ನ ಪತ್ರ ಓದಿದೆ. ಎಲ್ಲ ಅರ್ಥವಾಯಿತು.

ಎರಡು ದಿನ ನಾನು ಎಣಿಕೆಯಲ್ಲಿ ನಂಬರ್ ಕೂಗಲಿಲ್ಲ. ಸಲ್ಮಾನ್ ನನ್ನ ನಂಬರ್ ಹೇಳಿದ. ಮೂರನೇ ದಿನ ಅವನು ನನಗೆ ಅನ್ನ ತಿನ್ನಿಸಿದ. ನಾವು ನಗಲಿಲ್ಲ.

ನಿನ್ನೆ ಕೋರ್ಟು. ಕಾಗದ ಕೊಟ್ಟರು. ಪೆನ್ನು ಕೊಟ್ಟರು. ನನ್ನ ಕೈ ನಡುಗಿತು. ಪೆನ್ನು ಬಿತ್ತು. ಆಗ ಶಾಯಿ ಕೊಟ್ಟರು. ಬೆರಳು ಸಾಕು ಅಂದರು. ಬೆರಳಿಗೆ ಶಾಯಿ ಹಚ್ಚಿದರು.

ನಾನು ಹೇಳಿದೆ: ಬೀಗದ ಕೈ ಎರಡು. ಪುಟ ಇಪ್ಪತ್ತಮೂರು.

ವಕೀಲ ನನ್ನನ್ನು ನೋಡಿದ. ನಾನು ಮತ್ತೆ ಹೇಳಿದೆ. ನ್ಯಾಯಾಧೀಶೆ ಪುಟ ತೆಗೆದರು. ಓದಿದರು. ಬಹಳ ಹೊತ್ತು ಓದಿದರು. ಮುಂದಿನ ದಿನ ನವೆಂಬರ್ ಹದಿನಾಲ್ಕು.

ನನಗೆ ಭಯ ಇದೆ. ನಾನು ನಿಧಾನ ಬರುತ್ತೇನೆ.

ಬೆರಳಲ್ಲಿ ಶಾಯಿ ಇತ್ತು. ಅವರ ಕಾಗದದ ಮೇಲೆ ಒತ್ತಲಿಲ್ಲ. ಒಂದು ಖಾಲಿ ಹಾಳೆ ಕೇಳಿದೆ. ಕೊಟ್ಟರು. ಅದು ಈ ಹಾಳೆ. ಮೊದಲು ಬೆರಳು ಒತ್ತಿದೆ, ಆಮೇಲೆ ಪತ್ರ ಬರೆದೆ.

ಕೆಳಗೆ ನೋಡು. ಇದು ನನ್ನದು. ಬಲಗೈ.